ಹನ್ನೊಂದು ನಿಮಿಷದ ಗಂಟು

“ಯಾಕಪ್ಪಾ ನಿಂತೆ?”

ಪಾಲಾಕ್ಷ ಯಂತ್ರವನ್ನು ಕೇಳಿದ. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಚಳ್ಳಕೆರೆಯಾಚೆಯ ಕಾರ್ಖಾನೆಯಲ್ಲಿ, ಕಿಟಕಿಯಿಲ್ಲದ ಆ ಕೋಣೆಗೆ ಅವನೊಬ್ಬನೇ. ತ್ರೀ-ಡಿ ಮುದ್ರಣ ಯಂತ್ರದ ಗಾಜಿನೊಳಗೆ ನೌಕಾಪಡೆಯ ಹಡಗಿನ ಪಂಪಿಗೆ ಬೇಕಾದ ಲೋಹದ ಚಕ್ರವೊಂದು ಪದರ ಪದರವಾಗಿ ಬೆಳೆಯುತ್ತಿತ್ತು. ಅಲಗು ಬಂದು ಲೋಹದ ಪುಡಿಯನ್ನು ಕೂದಲಿಗಿಂತ ತೆಳ್ಳಗೆ ಹರಡುವುದು, ಲೇಸರ್ ಕರಗಿಸುವುದು, ಮತ್ತೆ ಅಲಗು. ಎರಡು ದಿನದಿಂದ ಅದೇ ಸದ್ದು, ಅದೇ ಲಯ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಎಷ್ಟು ಕೂತರೂ ಬಾಯಿಗೆ ಬಾರದ ಶಿವನ ಭಜನೆಯ ಪದಗಳು ಇಲ್ಲಿ, ಈ ಲಯಕ್ಕೆ, ತಾವಾಗಿ ಬರುತ್ತಿದ್ದವು. ಸದ್ದು ನಿಂತೊಡನೆ ಪದವೂ ನಿಂತಿತು.

ಅಲಗು ಒಂದು ಉಬ್ಬಿಗೆ ಸಿಕ್ಕಿಕೊಂಡಿತ್ತು. ನಿಂತರೆ ಮುಟ್ಟಬಾರದು, ಎಂಜಿನಿಯರಿಗೆ ಫೋನ್ ಮಾಡಬೇಕು ಎಂಬುದು ನಿಯಮ. ಆದರೆ ಪಾಲಾಕ್ಷ ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಬೆಳೆದವನು. ಅಲ್ಲಿ ಎಳೆ ಕಡಿದರೆ ಯಾರನ್ನೂ ಕರೆಯುವುದಿಲ್ಲ; ಗಂಟು ಹಾಕಿ, ಉಗುರಿನಿಂದ ಸವರಿ, ಲಾಳಿ ಓಡಿಸುವುದಷ್ಟೇ. ಕೈ ತಾನಾಗಿ ಬಾಗಿಲು ತೆಗೆಯಿತು. ಉಬ್ಬನ್ನು ಉಜ್ಜಿದ, ಬಾಗಿಲು ಹಾಕಿದ, ಒಳಹೊಕ್ಕ ಗಾಳಿ ಹೋಗಲೆಂದು ಅನಿಲ ತುಂಬಿಸಿದ, ಯಂತ್ರ ಓಡಿಸಿದ. ಹನ್ನೊಂದು ನಿಮಿಷ. ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಗುರುವಾರ ಚಕ್ರ ಹೊರಬಂತು. ಎಂಜಿನಿಯರ್ ದೀಪಿಕಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

“ನೋಡ್ರಿ ಪಾಲಾಕ್ಷಣ್ಣ, ಒಂದು ಗೆರೆ ಐತಾ? ಸೋಮವಾರ ನೌಕಾಪಡೆಯೋರು ಚಕ್ರ, ಮಷಿನ್ನು ಎರಡನ್ನೂ ಪರೀಕ್ಷೆ ಮಾಡೋಕೆ ಬರ್ತಾರೆ. ಇದೊಂದು ಪಾಸಾಗ್ಲಿ, ನಿಮ್ಮ ಆ ಮುರುಕು ಸ್ಟೂಲು ತೆಗೆಸಿ ಮೆತ್ತನೆ ಕುರ್ಚಿ ಹಾಕಿಸ್ತೀನಿ.”

“ಮೆತ್ತಗಿದ್ರೆ ನಿದ್ದೆ ಬರ್ತೈತೆ ಮೇಡಂ.”

ಅವಳು ನಕ್ಕಳು. ಅವನಿಗೆ ನಗಲಾಗಲಿಲ್ಲ.

“ಗೆರೆ ಇಲ್ಲ ಮೇಡಂ. ಆದ್ರೆ ನಡುವೆ ನಿಂತಿತ್ತು. ನಾನೇ ಬಾಗ್ಲು ತೆಗ್ದು ಸರಿ ಮಾಡ್ದೆ. ಮಗ್ಗದ ಕೈ ನೋಡ್ರಿ, ಎಳೆ ಕಡಿದಂಗೆ ಅಂದ್ಕೊಂಡು ಗಂಟು ಹಾಕ್ಬಿಟ್ಟೆ.”

ದೀಪಿಕಾ ಚಕ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ಆರಿದ ಪದರಕ್ಕೆ ಹೊಸ ಪದರ ಸರಿಯಾಗಿ ಹತ್ತಲ್ಲ. ಸಮುದ್ರದ ಮಧ್ಯೆ ಆ ಗಂಟು ಬಿಚ್ಚಿದ್ರೆ?”

ಪಾಲಾಕ್ಷ ಏನೂ ಬರೆಯದ ರಿಜಿಸ್ಟರನ್ನು ಅವಳ ಮುಂದೆ ಸರಿಸಿದ.

ಅವಳು ಹೊರಗೆ ಹೋಗಿ ನೌಕಾಪಡೆಯವರ ಜೊತೆ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದಳು. ಹಿಂತಿರುಗಿ, ಸೋಮವಾರ ಯಾರೂ ಬರುವುದಿಲ್ಲ, ಚಕ್ರವನ್ನು ಕತ್ತರಿಸಿ ಒಳಗನ್ನು ನೋಡುತ್ತಾರೆ, ಎಲ್ಲ ಮೊದಲಿಂದ ಎಂದಳು.

“ಹಂಗಾದ್ರೆ ಮೊದ್ಲಿಂದ ನಾನೇ ಮಾಡ್ತೀನಿ ಮೇಡಂ. ಬೈರಿ, ಸಂಬ್ಳ ಹಿಡೀರಿ. ಆ ರೂಮ್ ಒಂದು ಬಿಡಿಸ್ಬ್ಯಾಡ್ರಿ.”

“ಇಲ್ಲ ಪಾಲಾಕ್ಷಣ್ಣ. ಪರೀಕ್ಷೆ ಮಷಿನ್ನಿಗಷ್ಟೇ ಅಲ್ಲ, ನಡೆಸೋರಿಗೂ. ಆ ರೂಮಿಗೆ ಇನ್ನು ನಿಮ್ಮನ್ನ ಬಿಡಲ್ಲ.”