ನೀಲಿ ಪಟ್ಟಿ ಕಟ್ಟಿದ ಡಬ್ಬ

"ದೀಪ ಕೆಂಪಾ, ಹಳದೀನಾ? ಕೇಳು," ಎಂದು ಅಪ್ಪ ಗ್ಯಾರೇಜಿನ ಗುಂಡಿಯೊಳಗಿನಿಂದ ಕೂಗಿದ. ಅವನ ತಲೆಯ ಮೇಲೆ ಬ್ರೆಡ್ ಅಂಗಡಿಯ ವ್ಯಾನು ನಿಂತಿತ್ತು. ಅದರ ಅಡಿಯಿಂದ ಅವನ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತಿತ್ತು.

ಮಗಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ಕೇಳಿದಳು. "ಕೆಂಪಂತೆ. ಎಣ್ಣೆ ಗಿಂಡಿಯ ಚಿತ್ರವಂತೆ. ಏರಿನಲ್ಲಿ ಒಂದ್ಸಲ ಹತ್ತಿ ಆರಿಹೋಯ್ತಂತೆ."

"ಆಯಿಲ್ ಮಟ್ಟ?"

"ಕಡ್ಡಿ ತೆಗೆದು ನೋಡಿದ್ರಂತೆ. ಸರಿಯಾಗಿದೆಯಂತೆ."

ಗುಂಡಿಯಲ್ಲಿ ಅಪ್ಪ ಸ್ಪ್ಯಾನರು ಕೆಳಗಿಟ್ಟ ಸದ್ದು ಬಂತು. "ಹೋದ ಸಲ ಅವರಿಗೆ ಯಾವ ಬಣ್ಣ ಹಾಕಿದ್ವಿ?"

"ನೀಲಿ," ಎಂದಳು. ಹೇಳುವಾಗಲೇ ಅವಳ ಕಣ್ಣು ಹಿಂದಿನ ಹಲಗೆಯ ಮೇಲಿನ ಡಬ್ಬಗಳತ್ತ ಹೋಯಿತು.

"ನೀಲಿ ತಾನೇ? ಹಾಗಾದ್ರೆ ಬಿಡು. ಸೆನ್ಸರ್ ಆಟ ಆಡ್ತಿರ್ಬೇಕು. ನಿಧಾನವಾಗಿ ಹೋಗಿ, ವಾಪಸ್ ಬರೋವಾಗ ಇಲ್ಲಿಗೆ ತನ್ನಿ ಅನ್ನು."

"ನಿಧಾನವಾಗಿ ಹೋಗಿ ಡಾಕ್ಟ್ರೇ," ಎಂದಳು ಮಗಳು. ಆ ಕಡೆಯಿಂದ ಥ್ಯಾಂಕ್ಸ್ ಎನ್ನುವ ಮಾತು, ಅದರ ಹಿಂದೆ "ಹೊರಡೇ, ಬಿಸಿಲು ಏರುತ್ತೆ" ಎಂಬ ಮುದುಕಿಯ ದನಿ ಕೇಳಿ ಫೋನು ಕಟ್ಟಾಯಿತು.

ಹಲ್ಲಿನ ಡಾಕ್ಟರು ಬೆಟ್ಟದ ಬುಡದ ಪೆಟ್ರೋಲ್ ಬಂಕಿನಲ್ಲಿದ್ದರು. ತಾಯಿಯನ್ನು ಕೂರಿಸಿಕೊಂಡು ಬೆಟ್ಟ ಹತ್ತಿ ಇಳಿದು ಆಚೆ ಊರಿಗೆ ಹೋಗುವವರಿದ್ದರು. ಎರಡು ವರ್ಷದ ಹಿಂದೆ ಅವರು ಅಪ್ಪನ ದವಡೆ ಹಲ್ಲು ಕಿತ್ತಿದ್ದರು. ಅಂದಿನಿಂದ ಅವರ ಪುಟ್ಟ ಯುರೋಪಿನ ಕಾರನ್ನು ಅಪ್ಪ ಬೇರೆಯವರ ಕೈಗೆ ಬಿಟ್ಟಿರಲಿಲ್ಲ. "ಅವರು ನನ್ನ ಬಾಯಿಗೆ ಕೈ ಹಾಕಿದಾರೆ, ನಾನು ಅವರ ಕಾರಿನ ಬಾಯಿಗೆ. ಇನ್ನೇನು ನೆಂಟಸ್ತನ ಬೇಕು?" ಎನ್ನುತ್ತಿದ್ದ.

ಅಪ್ಪನಿಗೆ ಹತ್ತಿರದ ಸಣ್ಣ ಅಕ್ಷರ ಕಾಣದೆ ನಾಲ್ಕು ವರ್ಷವಾಗಿತ್ತು. ನೋಡುವ ವಸ್ತುವಿನ ನಟ್ಟನಡುವೆ ಒಂದು ಮಸಿಯ ಚುಕ್ಕೆ ಕೂತುಬಿಡುತ್ತಿತ್ತು, ಕನ್ನಡಕ ಬದಲಿಸಿದರೂ ಹೋಗುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಮಗಳಿಗೆ ಮಾತ್ರ. ನಟ್ಟು, ಬೋಲ್ಟು, ಬೇರಿಂಗು ಎಲ್ಲವನ್ನೂ ಅವನ ಬೆರಳುಗಳೇ ಓದಿಕೊಳ್ಳುತ್ತಿದ್ದವು. ಎಣ್ಣೆಯೊಂದನ್ನು ಬೆರಳು ಓದಲಾರದು. ಈಗಿನ ಕಾರುಗಳಿಗೆ ಡಬ್ಬದ ಮುಂದೆ ದಪ್ಪಗೆ ಬರೆದ ನಂಬರು ಹೊಂದಿದರೆ ಸಾಲದು. ಎಂಜಿನ್ ಮಾಡಿದ ಕಂಪನಿ ಆ ಎಣ್ಣೆಯನ್ನು ಪರೀಕ್ಷಿಸಿ ಒಪ್ಪಿದೆಯೋ ಇಲ್ಲವೋ ಎಂಬುದು ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿರುತ್ತದೆ. ಅದನ್ನು ಓದಿ ಆರಿಸುವುದು ಮಗಳ ಕೆಲಸ. ಆರಿಸಿದ ಡಬ್ಬದ ಹಿಡಿಗೆ ಅವಳು ಬಟ್ಟೆಯ ಪಟ್ಟಿ ಕಟ್ಟುತ್ತಿದ್ದಳು. ಹಳೆಯ ಗಾಡಿಗಳಿಗೆ ಬಿಳಿ, ಡೀಸೆಲ್‌ಗೆ ಕೆಂಪು. ಎಂಜಿನ್ನಿನೊಳಗಿನ ರಬ್ಬರ್ ಬೆಲ್ಟು ಎಣ್ಣೆಯಲ್ಲೇ ಮುಳುಗಿ ಓಡುವ ಕಾರುಗಳಿಗೆ ನೀಲಿ. ಬಣ್ಣ ಅಪ್ಪನಿಗೆ ಕಾಣುತ್ತಿತ್ತು. "ಆಯಿಲ್ ವಿಷಯದಲ್ಲಿ ನನ್ನ ಮಗಳು ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಾಳೆ," ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ.

ಖಾಲಿ ಡಬ್ಬವನ್ನು ಅವರು ಎಸೆಯುತ್ತಿರಲಿಲ್ಲ. ಅದರ ಮೇಲೆ ಕಾರಿನ ನಂಬರು ಬರೆದು, ಕಾರು ಮತ್ತೆ ಬರುವವರೆಗೆ ಹಿಂದಿನ ಹಲಗೆಯ ಮೇಲೆ ಇಡುವುದು ಅಪ್ಪನ ಕ್ರಮ. ಮಗಳು ಸ್ಟೂಲು ಹತ್ತಿ ಡಾಕ್ಟರ ಡಬ್ಬ ಇಳಿಸಿದಳು. ಧೂಳಿನಡಿಯಲ್ಲಿ ನೀಲಿ ಪಟ್ಟಿ ಬೂದು ಬಣ್ಣಕ್ಕೆ ತಿರುಗಿತ್ತು. ಹಿಂಬದಿ ತಿರುಗಿಸಿದಳು. ಅಲ್ಲಿ ಏನಿರಲಿಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು.

ಹತ್ತು ತಿಂಗಳ ಹಿಂದೆ, ಸರಿಯಾದ ಎಣ್ಣೆ ಮುಗಿದಿತ್ತು. ಡಾಕ್ಟರು ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಎಣ್ಣೆಯ ಏಜೆಂಟು ಈ ಡಬ್ಬ ತಂದುಕೊಟ್ಟು, "ಮೇಡಂ, ಇದೂ ಫುಲ್ ಸಿಂಥೆಟಿಕ್ಕೇ, ನಂಬರೂ ಅದೇ. ಕಣ್ಣು ಮುಚ್ಕೊಂಡು ಹಾಕಿ," ಎಂದಿದ್ದ. ಅವಳು ಕಣ್ಣು ಮುಚ್ಚಿರಲಿಲ್ಲ. ಓದಿದ್ದಳು. ಕಂಪನಿಯ ಒಪ್ಪಿಗೆಯ ಸಂಖ್ಯೆ ಇರಬೇಕಾದಲ್ಲಿ 'ಇಂಥ ಕಾರುಗಳಿಗೂ ಬಳಸಬಹುದು' ಎಂದಷ್ಟೇ ಇತ್ತು. ಬಳಸಬಹುದು. ಆ ಪದದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಾಗ ಅಪ್ಪ "ಆಯ್ತಾ?" ಎಂದು ಕೂಗಿದ. ಅವಳು ಪಟ್ಟಿ ಕಟ್ಟಿದಳು.

ಒಪ್ಪದ ಎಣ್ಣೆಯಲ್ಲಿ ಆ ಬೆಲ್ಟು ಊದಿ, ಬಿರಿದು, ಚೂರುಚೂರಾಗಿ ಉದುರುತ್ತದೆ. ಚೂರುಗಳು ಎಣ್ಣೆ ಹೀರುವ ಜಾಲರಿಗೆ ಮೆತ್ತಿಕೊಳ್ಳುತ್ತವೆ. ಕೆಂಪು ದೀಪ ಹತ್ತುತ್ತದೆ. ಬ್ರೇಕಿಗೆ ಬಲ ಕೊಡುವ ಪಂಪಿಗೂ ಆ ಚೂರು ಹೋಗಬಹುದು. ಆಮೇಲೆ ಪೆಡಲು ಒತ್ತಿದರೆ ಕಲ್ಲು ತುಳಿದಂತೆ.

ಅವಳು ಫೋನು ಹಚ್ಚಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ. ಮತ್ತೆ ಹಚ್ಚಿದಳು. ಬೆಟ್ಟದ ಅರ್ಧ ದಾರಿ ಸಿಗ್ನಲ್ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಏಳನೆಯ ಸಲ "ಹಲೋ?" ಎಂದಿತು.

"ಡಾಕ್ಟ್ರೇ, ಗಾಡಿ ನಿಲ್ಸಿ. ಈಗ್ಲೇ. ಇಳಿಜಾರಿಗೆ ಹೋಗ್ಬೇಡಿ—"

"ಹಲೋ? ಏನು? ಕೇಳಿಸ್ತಾ—"

ಫೋನು ಕಟ್ಟಾಯಿತು. ಅದೇ ಮಾತಿನ ಸಂದೇಶ ಬರೆದಳು. ಕಳಿಸಿದರೆ ಹೋಗಲೂ ಇಲ್ಲ.

ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, "ಅಪ್ಪಾ," ಎಂದಳು. "ಡಾಕ್ಟರ ಡಬ್ಬಕ್ಕೆ ನೀಲಿ ಕಟ್ಟಿದ್ದು ತಪ್ಪು. ಗೊತ್ತಿದ್ದೇ ಕಟ್ಟಿದೆ."

ಅಪ್ಪ ತಲೆಯೆತ್ತಿ ನೋಡಿದ. ನೇರ ನೋಡಿದರೆ ಅವಳ ಮುಖವಿರುವಲ್ಲಿ ಅವನಿಗೆ ಮಸಿ ಚುಕ್ಕೆಯೇ. ಆದ್ದರಿಂದ ತುಸು ಪಕ್ಕಕ್ಕೆ ನೋಡಿದ. ಮೆಟ್ಟಿಲು ಹತ್ತಿ ಬಂದು, ಕೈ ಒರೆಸಿಕೊಂಡು, "ಪಿಕಪ್ ಕೀ ತಗೋ," ಎಂದ.

ಪಿಕಪ್ಪು ಅವಳೇ ಓಡಿಸಿದಳು. ನಾಲ್ಕು ತಿರುವು ಕಳೆದ ಮೇಲೆ ಅಪ್ಪ ಕೇಳಿದ.

"ಅವರು ಲೈನಲ್ಲಿ ಇರೋವಾಗ್ಲೇ ಯಾಕೆ ಹೇಳ್ಲಿಲ್ಲ?"

"ಭಯ ಆಯ್ತು."

"ಯಾರ ಭಯ?"

"ನಿನ್ನದೇ."

"ನಾನೇನು ಹುಲಿಯೇನೇ?" ಎಂದ ಅಪ್ಪ. ಆಮೇಲೆ ಕಿಟಕಿಯಾಚೆ ಮುಖ ತಿರುಗಿಸಿ, "ತಡೆಗಲ್ಲು ಎಲ್ಲಾದ್ರೂ ಮುರಿದಿದ್ಯಾ ನೋಡ್ತಾ ಹೋಗು," ಎಂದ.

ಅವಳು ನೋಡುತ್ತ ಹೋದಳು. ಪ್ರತಿ ತಿರುವಿನಲ್ಲೂ ಸುಣ್ಣ ಬಳಿದ ಕಲ್ಲುಗಳನ್ನು ಎಣಿಸಿದಳು. ಒಂದು ಕಡೆ ಎರಡು ಕಲ್ಲು ಇರಲಿಲ್ಲ. ಅವಳು ಬ್ರೇಕು ಒತ್ತಿ ಬಗ್ಗಿ ನೋಡಿದಳು. ಮುರಿದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಹಳೆಯದು.

ನೆತ್ತಿಯ ಹತ್ತಿರ, ಇಳಿಜಾರು ಶುರುವಾಗುವ ತಿರುವಿನಲ್ಲಿ, ಬೆಳ್ಳಿ ಬಣ್ಣದ ಕಾರು ಬಂಡೆಗೆ ಮೂಗು ತಾಗಿಸಿ ನಿಂತಿತ್ತು. ಡಾಕ್ಟರು ರಸ್ತೆಯಲ್ಲಿ ನಿಂತಿದ್ದರು. ಒಳಗೆ ಅಜ್ಜಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು.

"ಒತ್ತಿದ್ರೆ ಬ್ರೇಕು ಇಳೀಲೇ ಇಲ್ಲ," ಎಂದರು ಡಾಕ್ಟರು. ಅವರ ದನಿ ಬಹಳ ಸಣ್ಣಗಿತ್ತು. "ಎರಡೂ ಕಾಲಲ್ಲಿ ಒತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದು, ಬಂಡೆಗೆ ಕೊಟ್ಟೆ. ಇನ್ನು ಹತ್ತು ಮಾರು ಮುಂದೆ ಹೋಗಿದ್ರೆ..."

"ಮೆಕ್ಯಾನಿಕ್ಕು ಬಂದ್ನಾ?" ಎಂದು ಅಜ್ಜಿ ಕಿಟಕಿಯಿಂದ ಕೂಗಿದರು. ಅವರಿಗೆ ಕಿವಿ ಮಂದ. "ಹಲ್ಲು ಕಿತ್ತ ಸೇಡು ತೀರಿಸ್ಕೊಂಡ್ಯೇನಪ್ಪಾ?"

ಅಪ್ಪ ಬಾನೆಟ್ಟು ಎತ್ತಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುಗಿಸಿದ. ಅದರೊಳಗೇ ಬೆಲ್ಟು ಸಿಗುತ್ತದೆ. ಕಣ್ಣು ಮುಚ್ಚಿ ಬೆರಳು ಇಳಿಸಿ, ಬಹಳ ಹೊತ್ತು ಸವರಿದ. ಹೊರತೆಗೆದಾಗ ಬೆರಳಿನ ತುದಿಗೆ ಕರಿ ಚೂರುಗಳು ಅಂಟಿದ್ದವು, ಒದ್ದೆ ಎಳ್ಳಿನ ಹಾಗೆ.

"ಆಯಿಲ್ ತಪ್ಪು ಹಾಕ್ಬಿಟ್ಟಿದೀನಿ ಡಾಕ್ಟ್ರೇ," ಎಂದ. "ಬೆಲ್ಟು ಪುಡಿಯಾಗಿದೆ. ನನಗೆ... ಸಣ್ಣ ಅಕ್ಷರ ಕಾಣಲ್ಲ. ನಾಲ್ಕು ವರ್ಷ ಆಯ್ತು."

ಮಗಳು ಅಪ್ಪನ ಕಡೆ ತಿರುಗಿದಳು. ಈ ಮಾತನ್ನು ಅಪ್ಪ ಅಮ್ಮನಿಗೂ ಹೇಳಿರಲಿಲ್ಲ. ನಾಳೆ ಊರಿಗೆಲ್ಲ ಗೊತ್ತಾಗುತ್ತದೆ. ಗುಂಡಿಯ ಮೇಲೆ ಗಾಡಿಯಿರುವುದಿಲ್ಲ. ಅವಳು ಸುಮ್ಮನಿದ್ದರೆ ತಪ್ಪು ಅಪ್ಪನದೆಂದೇ ಮುಗಿಯುತ್ತದೆ. ಅಪ್ಪ ಅವಳ ಕಡೆ ತಿರುಗಲಿಲ್ಲ.

ಡಾಕ್ಟರು ಅವನ ಕಣ್ಣನ್ನೇ ನೋಡಿದರು. "ಮತ್ತೆ ಇಷ್ಟು ದಿನ ಯಾರು ಓದ್ತಿದ್ರು?"

ಬೆಟ್ಟದ ಮೇಲೆ ಗಾಳಿಯಿತ್ತು. ಬಿಸಿ ಎಂಜಿನ್ನು ಟಿಕ್ ಟಿಕ್ ಎನ್ನುತ್ತ ಆರುತ್ತಿತ್ತು.

"ನಾನು," ಎಂದಳು ಮಗಳು. "ಓದಿದ್ದೆ. ಇದು ಅಲ್ಲ ಅಂತ ಗೊತ್ತಿತ್ತು."

"ಬೆಳಿಗ್ಗೆ ಫೋನಲ್ಲಿ ಹೋಗಿ ಅಂದಿದ್ದೂ ನೀನೇ ಅಲ್ವಾ?"

"ಹೂಂ."

"ಏನಂತೆ? ಏನಂತೇ ಅವಳದ್ದು?" ಎಂದರು ಅಜ್ಜಿ.

ಡಾಕ್ಟರು ತಾಯಿಯನ್ನು ಕೈಹಿಡಿದು ಇಳಿಸಿ, ಪಿಕಪ್ಪಿನ ಹಿಂದಿನ ಸೀಟಿಗೆ ಹತ್ತಿಸಿದರು. ಸೀಟ್ ಬೆಲ್ಟು ಹಾಕಿ, ಎರಡು ಸಲ ಜಗ್ಗಿ ನೋಡಿದರು. ತಾವು ಹತ್ತುವ ಮೊದಲು ಪಿಕಪ್ಪಿನ ಮುಂದಿನ ಚಕ್ರದ ಬಳಿ ನಿಂತು ಅದನ್ನೇ ನೋಡುತ್ತಿದ್ದರು, ಅಲ್ಲಿ ಓದಲು ಏನೋ ಇರುವ ಹಾಗೆ. ಆಮೇಲೆ ಹತ್ತಿದರು.

ಇಳಿಯುವಾಗ ಮಗಳು ಎರಡನೇ ಗೇರಿನಲ್ಲೇ ಬಂದಳು. ಪ್ರತಿ ತಿರುವಿಗೂ ಬಹಳ ಮೊದಲೇ ಬ್ರೇಕನ್ನು ಒಮ್ಮೆ ಮೆಲ್ಲಗೆ ಮುಟ್ಟಿ, ಅದು ಇಳಿಯುವುದನ್ನು ಖಚಿತ ಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಪಕ್ಕದಲ್ಲಿ ಅಪ್ಪ ನೇರವಾಗಿ ಕೂತಿದ್ದ. ಚೂರುಗಳಿದ್ದ ಕೈಯನ್ನು ಅವನು ಒರೆಸಿಕೊಂಡಿರಲಿಲ್ಲ. ಮುಷ್ಟಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು, ಒಳಗೊಳಗೇ ಹೆಬ್ಬೆರಳಿನಿಂದ ಅವನ್ನು ಸವರುತ್ತಿದ್ದ.