ತಾಲೀಮಿನ ತಿಂಗಳು

ಎಡಗಾಲಿಗೆ ಶೂ ಏರಿಸಲು ಹೋದಾಗ ಅದರ ಅಡಿ ಕಳಚಿ ಹೆಣ ಸಿದ್ಧಪಡಿಸುವವನ ಕೈಗೇ ಬಂತು.

“ಇದು ಕೊಳೆತುಹೋಗಿದೆ ಅಮ್ಮಾ,” ಎಂದ ಅವನು.

ಹೆಂಡತಿ ಶೂ ಇಸಿದುಕೊಂಡಳು. ಮೇಲೆ ಹಾಲಿನಂಥ ಬಿಳುಪು. ಒಮ್ಮೆಯೂ ನೆಲ ಮುಟ್ಟಿರಲಿಲ್ಲ. ಒಂಬತ್ತು ವರ್ಷ ಟ್ರಂಕಿನಲ್ಲಿ ಬಿದ್ದು ಅಡಿಯ ರಬ್ಬರು ಡಾಂಬರಿನಂತೆ ಕರಗಿತ್ತು. ನಾತ ಬೇರೆ. ಬೆರಳಿಗೆ ಅಂಟಿದ್ದನ್ನು ಗೋಡೆಗೆ ಒರೆಸಿದಳು. ಹೋಗಲಿಲ್ಲ.

“ಸಮುದ್ರದ ದಂಡೇಲಿ ಓಡಾಡೋಕೆ ಅಂತ ತಗೊಂಡಿದ್ದ, ಪಾಪ,” ಎಂದು ಗಂಡನ ಅಕ್ಕ ಮೂಗು ಸೀಟಿದಳು. “ಹಾಕಿ ಕಳಿಸೋಣ ಅಂದ್ರೆ ಅದರ ಋಣಾನೂ ಇಲ್ಲ ನೋಡು.” ಅದೇ ಉಸಿರಿನಲ್ಲಿ ದನಿ ತಗ್ಗಿಸಿದಳು. “ಆ ಹೊರದೇಶದ ಮನೆಗೆ ಮುಂಗಡ ಕೊಟ್ಟಿದ್ನಲ್ಲ, ಅದು ವಾಪಸ್ ಬರುತ್ತೇನಮ್ಮ?”

ಬಾಗಿಲಲ್ಲಿ ಗಂಡನ ಜೊತೆ ಸಾಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದವರು ನಿಂತಿದ್ದರು. “ಮೇಲೆ ಹೋದ್ಮೇಲೂ ಸುಮ್ನಿರಲ್ಲ ಕಣ್ರೋ,” ಎಂದ ಅವರಲ್ಲೊಬ್ಬ. “ದೇವ್ರು ಒಂದು ಮೊಳೆ ಕೇಳಿದ್ರೂ ಚೀಟಿ ತಗೊಂಡು ಬಾ ಅಂತಾರೆ.” ಉಳಿದವರು ನಗೆಯನ್ನು ಕೆಮ್ಮಾಗಿಸಿದರು. ಅವಳಿಗೆ ಅವರ ಮೇಲೆ ಹೇಸಿಗೆಯಾಯಿತು. ತನ್ನ ತುಟಿಯೂ ಸೊಟ್ಟಗಾಗಿದ್ದು ಗೊತ್ತಾಗಿ ಇನ್ನೂ ಹೇಸಿಗೆಯಾಯಿತು.

“ಎದೆ ನೋವು ಅಂತ ಮೂರು ದಿನ ಒದ್ದಾಡಿದ್ನಂತೆ,” ಎಂದಳು ಅಕ್ಕ. “ಡಾಕ್ಟರ್ ಹತ್ರ ಯಾಕೆ ಕರ್ಕೊಂಡು ಹೋಗ್ಲಿಲ್ಲ?”

“ಅವರೇ ಬೇಡ ಅಂದ್ರು,” ಎಂದಳು ಹೆಂಡತಿ.

“ಅಂದ್ಕೊಂಡೆ. ಹುಟ್ಟುಗುಣ ಸುಟ್ರೂ ಹೋಗಲ್ಲ.”

ಎಲ್ಲರೂ ತಲೆದೂಗಿದರು. ಹೆಣಕ್ಕೆ ಬಾಯಿಯಿಲ್ಲ.

\*

ಅವನು ಸಾಮಿಲ್ಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಚೀಟಿಯಿಲ್ಲದೆ ಒಂದು ಮೊಳೆಯೂ ಹೊರಗೆ ಹೋಗುತ್ತಿರಲಿಲ್ಲ. ಅವನ ಕನಸೆಂದರೆ ಐವತ್ತೈದಕ್ಕೆ ನಿವೃತ್ತಿ, ಆಮೇಲೆ ಹೊರದೇಶದ ಒಂದು ಪುಟ್ಟ ಕಡಲೂರು: ಇಲ್ಲಿಯ ಪಿಂಚಣಿಗೆ ಅಲ್ಲಿ ಎರಡು ಕೋಣೆ, ಕಿಟಕಿ ತುಂಬ ಸಮುದ್ರ. ಅಲ್ಲಿಯ ದಲ್ಲಾಳಿ ವರ್ಷಕ್ಕೊಮ್ಮೆ ಬೆಲೆಪಟ್ಟಿ ಕಳಿಸುತ್ತಿದ್ದ. ಅದು ಕೈಸೇರಿದ ಮರುತಿಂಗಳು ಪೂರ್ತಿ ಮನೆಯಲ್ಲಿ ತಾಲೀಮು. ಅಲ್ಲಿ ಬದುಕುವ ಹಾಗೆಯೇ ಇಲ್ಲಿ ಬದುಕಿ ನೋಡಬೇಕು. ತಗಡಿನ ಡಬ್ಬಿಯಲ್ಲಿ ತಿಂಗಳ ದುಡ್ಡಿನ ಲಕೋಟೆಗಳು: ದಿನಸಿ, ದೀಪ, ಔಷಧ, ದೋಣಿ ವಿಹಾರ. ಒಂದರದ್ದು ಇನ್ನೊಂದಕ್ಕೆ ಹೋಗಕೂಡದು.

ಮೊದಲ ವರ್ಷ ಅವಳು ಅತ್ತಿದ್ದಳು. ಇಪ್ಪತ್ತಕ್ಕೆ ಸಾಬೂನು ಮುಗಿದರೆ ಒಂದನೇ ತಾರೀಖಿನ ತನಕ ಬರೀ ನೀರು. ಅವನ ಅಂಗಿಯ ಕಂಕುಳಿನ ವಾಸನೆ ದಿಂಬಿಗೂ ಹತ್ತಿತ್ತು. ಮೂರನೇ ವರ್ಷಕ್ಕೆ ಅಳುವುದು ಬಿಟ್ಟು ಡಬ್ಬಿಗೆ ತಾನೇ ಕಾವಲು ನಿಂತಳು.

“ಬಿಡೇ, ನೀನಿನ್ನು ಅಲ್ಲಿ ಬದುಕ್ತೀಯ,” ಎಂದು ಅವನು ಹೊಗಳಿದ್ದ. ಮದುವೆಯಾದ ಮೇಲೆ ಅದೊಂದೇ ಹೊಗಳಿಕೆ.

\*

ಒಂಬತ್ತನೇ ತಾಲೀಮಿನ ಇಪ್ಪತ್ತೇಳನೇ ತಾರೀಖು ಮಧ್ಯಾಹ್ನ ಅವನು ಮಂಚದ ಅಂಚಿನಲ್ಲಿ ಬೆವರಿ ಕೂತಿದ್ದ.

“ಏನೇ, ಡಾಕ್ಟರ್ ಹತ್ರ ಒಂದ್ಸಲ ಹೋಗಿ ಬರೋಣ್ವಾ?”

ಅವಳು ಡಬ್ಬಿ ತೆರೆದಳು. “ಔಷಧದ್ದು ಖಾಲಿ. ಹಲ್ಲು ಕೀಳಿಸಿದ್ರಲ್ಲ.”

“ಬೇರೆ ಯಾವುದ್ರಿಂದಾದ್ರೂ…”

“ಒಂದರದ್ದು ಇನ್ನೊಂದಕ್ಕೆ ಹೋಗಕೂಡದು ಅಂದೋರು ಯಾರು? ಇನ್ನು ನಾಲ್ಕೇ ದಿನ, ಒಂದನೇ ತಾರೀಖು ಹೋದ್ರಾಯ್ತು.”

ಒಂಬತ್ತು ವರ್ಷದ ಮೇಲೆ ಆ ಮಾತು ಅವಳ ನಾಲಗೆಗೆ ರುಚಿಸಿತ್ತು. “ಅದೂ ಸರೀನೇ,” ಎಂದ ಅವನು, ಮೆಚ್ಚುಗೆಯಿಂದ.

\*

“ಗಾಡಿ ಬಾಡಿಗೆ ಮೊದಲೇ ಕೊಡ್ಬೇಕಮ್ಮಾ,” ಎಂದ ಶವದ ಗಾಡಿಯವನು. ಅಕ್ಕ ತನ್ನ ಕೈಚೀಲ ತೆರೆದು, ಬಾವಿ ಇಣುಕುವವಳಂತೆ ಬಹಳ ಹೊತ್ತು ಅದರೊಳಗೆ ನೋಡಿದಳು.

ಹೆಂಡತಿ ಒಳಗಿನಿಂದ ಡಬ್ಬಿ ತಂದಳು. ಇವತ್ತು ಒಂದನೇ ತಾರೀಖು; ತಾಲೀಮು ನಿನ್ನೆಗೇ ಮುಗಿದಿತ್ತು. ಉಳಿದ ಲಕೋಟೆಗಳೆಲ್ಲ ಚಪ್ಪಟೆಯಾಗಿದ್ದವು. ಕೊನೆಯ ಲಕೋಟೆ ಮಾತ್ರ ಒಂಬತ್ತು ತಾಲೀಮುಗಳದ್ದೂ ಸೇರಿ ಉಬ್ಬಿತ್ತು. ಅವಳು ನೋಟುಗಳನ್ನು ಎಳೆದಳು.

“ಅಯ್ಯೋ, ಇಷ್ಟೊಂದು ದುಡ್ಡು ಮನೇಲೇ ಇತ್ತಾ?” ಅಕ್ಕ ಹತ್ತಿರ ಬಂದಳು. “ಮತ್ತೆ ಡಾಕ್ಟರಿಗೆ…”

“ಅದು ದೋಣಿ ವಿಹಾರದ್ದು ಅಕ್ಕಾ,” ಎಂದಳು ಅವಳು. “ಅವರು ಕೇಳಿದ್ರು. ನಾನೇ ಕೊಡ್ಲಿಲ್ಲ.”

ಅಕ್ಕ ತೆರೆದಿದ್ದ ಕೈಚೀಲ ಮುಚ್ಚಿ ಕಂಕುಳಿಗೆ ಸೇರಿಸಿದಳು. ಗಾಡಿಯವನು ನೋಟುಗಳನ್ನು ಎಣಿಸಿಕೊಂಡು ಚಿಲ್ಲರೆ ವಾಪಸು ಕೊಟ್ಟ. ಅವಳು ಅದನ್ನು ಅದೇ ಲಕೋಟೆಗೆ ಹಾಕಿ, ಬಾಯಿ ಮಡಚಿ, ಡಬ್ಬಿಯೊಳಗೆ ಇಡಲು ಹೋದಳು. ಶೂವಿನ ಅಂಟಿಗೆ ಲಕೋಟೆ ಬೆರಳಿಗೆ ಕಚ್ಚಿಕೊಂಡಿತ್ತು. ಹೊರಗೆ ಹೆಣ ಎತ್ತುವವರು ಕೂಗುತ್ತಿದ್ದರು. ಅವಳು ಕೈ ಕೊಡವುತ್ತಲೇ ಇದ್ದಳು.