ಮಿತಿಯಿಲ್ಲದ ಮೂವತ್ತೊಂದು ಸಾಲು

ನಾನೂರ ಹನ್ನೆರಡು ಔಷಧಿಗಳಿಗೆ ಒಂದೊಂದಾಗಿ ಕೋಡ್ ಬರೆಯುವ ತಾಳ್ಮೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದ ಅವಳಿಗಿರಲಿಲ್ಲ. ಒಂದೇ ಒಂದು ಟೆಂಪ್ಲೇಟ್ ಬರೆದಳು. ಔಷಧಿ ವಿಭಾಗದ ಹಿರಿಯರೊಬ್ಬರು ಕೊಟ್ಟ ಗರಿಷ್ಠ ಮಿತಿಗಳ ಪಟ್ಟಿಯ ಸಾಲುಗಳು ಆ ಅಚ್ಚಿಗೆ ಬಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ನಾನೂರ ಹನ್ನೆರಡು ತುಂಡು ಕೋಡ್ ಆಗಿ ಹೊರಬಂದವು. ಡ್ರಿಪ್ ಯಂತ್ರದಲ್ಲಿ ಯಾರಾದರೂ ಮಿತಿ ಮೀರಿದ ಅಂಕಿ ಒತ್ತಿದರೆ ಕೂಗಿಕೊಳ್ಳುವುದು ಆ ಕೋಡಿನ ಕೆಲಸ. ನಿನ್ನೆ ಸಂಜೆ ಅದು ಆಸ್ಪತ್ರೆಯ ಎಲ್ಲ ಯಂತ್ರಗಳಿಗೂ ಹೋಗಿತ್ತು.

ಬೆಳಿಗ್ಗೆ ಬಂದು, ತನ್ನ ಕೈಚಳಕ ತಾನೇ ನೋಡಿ ಹಿಗ್ಗೋಣವೆಂದು ಕೋಡ್ ತೆರೆದಳು. ಮೂವತ್ತೊಂದು ಕಡೆ ‘ಮಿತಿ ಇಲ್ಲ’ ಎಂದಿತ್ತು. ಪಟ್ಟಿ ತೆರೆದಳು. ಮೇಲಿನ ಸಾಲಿನ ಅಂಕಿಯೇ ಮತ್ತೆ ಬರಬೇಕಾದಲ್ಲಿ ಹಿರಿಯರು, ನಲವತ್ತು ವರ್ಷ ನೋಟ್‌ಬುಕ್ಕಿನಲ್ಲಿ ಮಾಡಿದ ಹಾಗೆಯೇ, ಎರಡು ಪುಟ್ಟ ಗೀಟು ಹಾಕಿದ್ದರು. ಅಂಕಿ ಇಲ್ಲದಿದ್ದರೆ ಮಿತಿಯಿಲ್ಲವೆಂದು ತಿಳಿ ಎಂದು ಟೆಂಪ್ಲೇಟಿಗೆ ಹೇಳಿದ್ದವಳು ಅವಳೇ.

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ಅತ್ತಿಗೆಗೆ ಫೋನ್ ಹಚ್ಚಿದಳು.

“ಏನಮ್ಮಾ ಕಂಪ್ಯೂಟರ್ ರಾಣಿ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?”

“ತಮಾಷೆ ಬೇಡ ಅತ್ತಿಗೆ. ಕೆಲವು ಔಷಧಿಗೆ ಯಂತ್ರ ಕೂಗಲ್ಲ. ನನ್ನ ತಪ್ಪು. ಒಂದೊಂದೇ ಯಂತ್ರ ನೋಡಿ ಹೇಳಿ, ಗಂಟೆಗೆ ಎಷ್ಟು ಹೋಗ್ತಿದೆ ಅಂತ.”

ನಗು ನಿಂತಿತು. ಚಪ್ಪಲಿ ಸದ್ದು. ಮೊದಲ ಹಾಸಿಗೆ ಸರಿಯಿತ್ತು. ಎರಡೂ, ಮೂರೂ ಸರಿ. ನಾಲ್ಕನೆಯದರ ಔಷಧಿ ಹೆಸರು ಹೇಳಿ ಅತ್ತಿಗೆ, “ನಲವತ್ತು” ಎಂದಳು.

ಪಟ್ಟಿಯಲ್ಲಿ ಅದರೆದುರು ಗೀಟು. ಅದರ ಮೇಲೂ ಗೀಟು. ಅದಕ್ಕೂ ಮೇಲೆ ಅಂಕಿ: ನಾಲ್ಕು.

“ನಲವತ್ತಾ? ನಾಲ್ಕಾ? ಸರಿಯಾಗಿ ನೋಡಿ!”

“ನಲವತ್ತು ಕಣೇ... ಅಯ್ಯೋ, ನಾಲ್ಕು ಸೊನ್ನೆ ನಡುವಿನ ದಶಾಂಶದ ಚುಕ್ಕಿ ಬಿದ್ದಿಲ್ಲ. ಈಗಷ್ಟೇ ನಾನೇ ಹಾಕಿದ್ದು...”

“ನಿಲ್ಲಿಸಿ!”

ಫೋನ್ ಎಲ್ಲೋ ಬಿದ್ದ ಸದ್ದು. ಓಡುವ ಹೆಜ್ಜೆಗಳು. ಡಾಕ್ಟರನ್ನು ಕರೆಯುವ ಕೂಗು. ಮಗುವಿನ ದನಿ ಮಾತ್ರ ಇಲ್ಲ. ಒಂದು ಮಗು ಅಳಲಿ ಎಂದು ಅವಳು ಹುಟ್ಟಿದಾಗಿನಿಂದ ಬೇಡಿಕೊಂಡವಳಲ್ಲ. ಈಗ ಮೇಜಿನ ಅಂಚು ಹಿಡಿದು ಅದನ್ನೇ ಬೇಡಿದಳು.

ಕಿವಿ ಹರಿಯುವಂತೆ ಚೀರಿತು ಮಗು.

“ಅಳ್ತಿದೆ,” ಅತ್ತಿಗೆ ಏದುಸಿರು ಬಿಡುತ್ತಿದ್ದಳು. “ಡಾಕ್ಟರ್ ನೋಡ್ತಿದ್ದಾರೆ. ಲೇ, ಬೇರೆ ವಾರ್ಡುಗಳು?”

ಹನ್ನೊಂದಿದ್ದವು. ಅವಳು ಆಗಲೇ ಮೇಜಿನ ಮೇಲಿನ ಫೋನಿನಲ್ಲಿ ಮೊದಲನೆಯದರ ನಂಬರ್ ಒತ್ತಿದ್ದಳು. ಅಲ್ಲಿ ಫೋನ್ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.